ಏಸಿ ಲೈನ್ ಇನ್ನು ಲೈಸೆನ್ಸ್ ಇದ್ದವರಿಂದಲೇ

ದಾವಣಗೆರೆಯ ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಯುಗಾದಿ ಕಳೆಯಿತೆಂದರೆ ನಮ್ಮ ಅಂಗಡಿ ಫೋನ್‌ಗೆ ಬಿಡುವಿರುವುದಿಲ್ಲ. ಅದಕ್ಕೇ ಬಿಸಿಲು ಏರುವ ಮೊದಲೇ ಈ ಪತ್ರ. ಇನ್ನು ಮುಂದೆ ಏಸಿಗೆ ಹೊಸ ಕರೆಂಟ್ ಲೈನ್ ಎಳೆಯುವ ಕೆಲಸ ನಮ್ಮ ಮೆಕ್ಯಾನಿಕ್‌ಗಳು ಮಾಡುವುದಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಬಂದು ಮಾಡುತ್ತಾರೆ. ಅವರ ಕೂಲಿ ಬಿಲ್ಲಿನಲ್ಲಿ ಬೇರೆಯಾಗಿ ಕಾಣುತ್ತದೆ. ಖರ್ಚು ಸ್ವಲ್ಪ ಜಾಸ್ತಿಯೇ ಆಗುತ್ತದೆ, ಮುಚ್ಚಿಡುವುದೇನಿದೆ.

ನಮ್ಮ ಹುಡುಗರು ಐಟಿಐಯಲ್ಲಿ ಏಸಿ, ಫ್ರಿಜ್ ಕೆಲಸ ಕಲಿತವರು. ಗ್ಯಾಸ್, ಕಂಪ್ರೆಸರ್, ಪಿಸಿಬಿ (ಏಸಿಯೊಳಗಿನ ಎಲೆಕ್ಟ್ರಾನಿಕ್ ಬೋರ್ಡ್) ಅವರಿಗೆ ಬಿಡಿ. ಮನೆಯ ವೈರಿಂಗ್ ಬೇರೆಯೇ ಕಸುಬು. ಅದಕ್ಕೆ ಲೈಸೆನ್ಸ್ ಕೊಡುವುದು ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ. ಪಿ.ಜೆ. ಬಡಾವಣೆ, ಕೆ.ಟಿ.ಜೆ. ನಗರದ ಕೆಲವು ಹಳೇ ಮನೆಗಳಲ್ಲಿ ಬೆಡ್‌ರೂಮಿನಲ್ಲಿ ಮೊದಲೇ ಇದ್ದ ಸಾಕೆಟ್‌ಗೇ ಒಂದೂವರೆ ಟನ್ ಏಸಿ ಸಿಕ್ಕಿಸಿರುತ್ತಾರೆ. ಪ್ಲಗ್ ಕಿತ್ತರೆ ಪಿನ್ನಿನ ಬುಡ ಕಪ್ಪಾಗಿರುತ್ತದೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಮೂಗಿಗೆ ಹೊಡೆಯುತ್ತದೆ. ಬೋರ್ಡ್ ಬಿಚ್ಚಿದರೆ ಅರ್ಥಿಂಗ್ ತಂತಿ ಎಲ್ಲಿಗೂ ಸೇರದೆ ಸುಮ್ನೆ ನೇತಾಡುತ್ತಿರುತ್ತದೆ. ಈಗಿನ ಬಹಳಷ್ಟು ಏಸಿಗಳಲ್ಲಿರುವ ಆರ್-32 ಗ್ಯಾಸಿಗೆ ಸ್ವಲ್ಪ ಬೆಂಕಿ ಹಿಡಿಯುವ ಗುಣವೂ ಇದೆ. ಅದರ ಪಕ್ಕದಲ್ಲೇ ಕಿಡಿ ಹಾರುವ ಸಾಕೆಟ್ ಇಟ್ಟುಕೊಂಡು ನಿದ್ದೆ ಮಾಡುವುದು ಬೇಡ ಅಲ್ವಾ? ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್, ಅದಕ್ಕೇ ಒಂದು ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್ ಇರಲೇಬೇಕು. ಎರಡನೇ ಏಸಿ ಹಾಕಿಸುವವರು ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಇದೆ ಎಂದೂ ನೋಡಿಕೊಳ್ಳಿ. ಸಾಲದಿದ್ದರೆ ಮೊದಲು ಲೋಡ್ ಹೆಚ್ಚಿಸಿಕೊಳ್ಳಬೇಕು.

ಗ್ಯಾಸ್ ವಿಷಯ. "ಸುಮ್ನೆ ಗ್ಯಾಸ್ ತುಂಬಿಸಿ ಹೋಗ್ರಿ" ಎಂದು ಫೋನ್ ಮಾಡುವವರೇ ಜಾಸ್ತಿ. ಏಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಆ ಲೀಕ್ ಸರಿಮಾಡದೆ ಗ್ಯಾಸ್ ಹಾಕುವುದಿಲ್ಲ.

ಆರ್-22 ಗ್ಯಾಸಿನ ಹಳೇ ಏಸಿಗೆ ಕಂಪ್ರೆಸರ್ ಹೋದರೆ ರಿಪೇರಿಗೆ ದುಡ್ಡು ಸುರಿಯಬೇಡಿ ಎಂದೇ ಹೇಳುತ್ತೇವೆ. ಓಜೋನ್ ಪದರಕ್ಕೆ ಹಾನಿ ಮಾಡುವ ಆ ಗ್ಯಾಸನ್ನು ದೇಶದಲ್ಲಿ ಹಂತಹಂತವಾಗಿ ನಿಲ್ಲಿಸುತ್ತಿದ್ದಾರೆ. ಅದೇ ಏಸಿಗೆ ಆರ್-32 ತುಂಬಿಕೊಡುತ್ತೇವೆ ಎಂದು ಯಾರಾದರೂ ಬಂದರೆ ಬಾಗಿಲಿನಿಂದಲೇ ಕಳಿಸಿ, ಆ ಗ್ಯಾಸಿನ ಒತ್ತಡ ತಡೆಯುವಂತೆ ಅದನ್ನು ಮಾಡಿರುವುದಿಲ್ಲ. ಅದರ ಬದಲು ಹೊಸದು ತೆಗೆದುಕೊಳ್ಳುವುದೇ ವಾಸಿ; ಹೊಸ ಏಸಿ ಮೇಲಿನ ಜಿಎಸ್‌ಟಿಯೂ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ.

ನಿಮಗೆ ಗೊತ್ತಿರುವ ಕಾಂಟ್ರಾಕ್ಟರ್ ಇದ್ದರೆ ಲೈನ್ ಕೆಲಸ ಅವರಿಂದಲೇ ಮಾಡಿಸಿ, ನಮಗೇನೂ ಬೇಸರವಿಲ್ಲ. ಲೈಸೆನ್ಸ್ ಈಗಲೂ ಚಾಲ್ತಿಯಲ್ಲಿದೆಯೇ ನೋಡಿ, ನಂಬರನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮಾಮೂಲಿ ಸರ್ವಿಸ್ ಎಂದಿನಂತೆ ನಾವೇ ಮಾಡುತ್ತೇವೆ, ದರವೂ ಹಳೆಯದೇ.

ಇಂತಿ,
ನಿಮ್ಮ ಏಸಿ ಸರ್ವಿಸ್ ಅಂಗಡಿಯವರು
ದಾವಣಗೆರೆ