ಸ್ಕ್ಯಾನ್ ಚಿತ್ರದ ಚುಕ್ಕೆಗಳೆಲ್ಲ ಕಸವಲ್ಲ

ಸಂಪಾದಕರೇ,

ಸ್ಕ್ಯಾನ್ ಚಿತ್ರಗಳಲ್ಲಿ ಕಾಣುವ ಕಾಳುಕಾಳು ಚುಕ್ಕೆಗಳನ್ನು ಕೃತಕ ಬುದ್ಧಿಮತ್ತೆ ಅಳಿಸಿಹಾಕುತ್ತದೆ, ಇನ್ನು ಮುಂದೆ ಎಲ್ಲವೂ ಸ್ವಚ್ಛ ಎಂದು ನಿಮ್ಮ ವಿಜ್ಞಾನ ಪುಟದಲ್ಲಿ ಓದಿದೆ. ಅಲ್ಟ್ರಾಸೌಂಡ್ ಚಿತ್ರಗಳ ಜೊತೆಗೇ ಕೆಲಸ ಮಾಡುವ ನನಗೆ ಸುಮ್ನೆ ಇರಲಾಗಲಿಲ್ಲ. ಆ ಚುಕ್ಕೆಗಳಿಗೆ ಸ್ಪೆಕಲ್ ಎನ್ನುತ್ತಾರೆ. ಬರೀ ಕೊಳೆ ಅಂದುಕೊಂಡು ತೊಳೆದರೆ ಕೆಲವು ಸಲ ರೋಗದ ಗುರುತೂ ಜೊತೆಗೇ ಹೋಗುತ್ತದೆ.

ಇದು ಹುಟ್ಟುವುದನ್ನು ಕಣ್ಣಾರೆ ನೋಡಬೇಕಾದರೆ ಲೇಸರ್ ಪಾಯಿಂಟರನ್ನು ಒರಟು ಗೋಡೆಯ ಮೇಲೆ ಬಿಡಿ (ಯಾರ ಕಣ್ಣಿಗೂ ಬೇಡ). ಬೆಳಕಿನ ಮಚ್ಚೆಯೊಳಗೆ ಸಣ್ಣ ಕಾಳುಗಳು ಮಿನುಗುತ್ತವೆ, ತಲೆ ಅಲ್ಲಾಡಿಸಿದರೆ ಅವೂ ಜರುಗುತ್ತವೆ. ಗೋಡೆಯ ಸೂಕ್ಷ್ಮ ಏರುತಗ್ಗುಗಳಿಂದ ವಾಪಸ್ ಬರುವ ಅಲೆಗಳು ಕೆಲವು ಕಡೆ ಒಟ್ಟು ಸೇರಿ ಹೊಳೆಯುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸಿ ಕಪ್ಪಾಗುತ್ತವೆ. ಅಲ್ಟ್ರಾಸೌಂಡ್‌ನಲ್ಲಿ ಬೆಳಕಿನ ಜಾಗದಲ್ಲಿ ಶಬ್ದ, ಗೋಡೆಯ ಜಾಗದಲ್ಲಿ ದೇಹ, ಅಷ್ಟೇ.

ಕ್ಯಾಮೆರಾದ ನಾಯ್ಸ್ (ಮಂದ ಬೆಳಕಿನ ಫೋಟೋದಲ್ಲಿ ಕಾಣುವ ಕಾಳುಕಾಳು) ಪ್ರತಿ ಸಲ ಬೇರೆ ಬೇರೆ ಬರುತ್ತದೆ. ಸ್ಪೆಕಲ್ ಹಾಗಲ್ಲ, ಏನೂ ಅಲ್ಲಾಡದಿದ್ದರೆ ಅದೇ ವಿನ್ಯಾಸ ಮತ್ತೆ ಮತ್ತೆ ಬರುತ್ತದೆ, ಹಾಗಾಗಿ ಒಂದೇ ಕಡೆಯಿಂದ ನೂರು ಸಲ ತೆಗೆದು ಸರಾಸರಿ ಮಾಡಿದರೂ ಅದು ಹೋಗುವುದಿಲ್ಲ. ಕೋನ ಬದಲಿಸಬೇಕು, ಇಲ್ಲವೇ ಶಬ್ದದ ಫ್ರೀಕ್ವೆನ್ಸಿ (ಕಂಪನದ ವೇಗ) ಬದಲಿಸಬೇಕು. ಒಂದೇ ಜಾಗದ, ಆದರೆ ಚುಕ್ಕೆಗಳ ವಿನ್ಯಾಸ ಒಂದಕ್ಕೊಂದು ಸಂಬಂಧವಿಲ್ಲದ 4 ಚಿತ್ರಗಳ ಸರಾಸರಿ ಮಾಡಿದರೆ ಸ್ಪೆಕಲ್ ಅರ್ಧಕ್ಕೆ ಇಳಿಯುತ್ತದೆ, ಕಾಲು ಭಾಗಕ್ಕೆ ಇಳಿಸಲು 16 ಬೇಕು. ಆದರೆ ಇಲ್ಲೂ ಕಳೆದುಕೊಳ್ಳುವುದಿದೆ. ಪಿತ್ತಕೋಶದ ಕಲ್ಲಿನ ಹಿಂದೆ ಕಪ್ಪು ನೆರಳು ಬೀಳುತ್ತದೆ, ಕಲ್ಲೇ ಅಂತ ಹೇಳಲು ಆ ನೆರಳು ಮುಖ್ಯ ಗುರುತು. ಹಲವು ಕೋನಗಳನ್ನು ಸೇರಿಸಿದಾಗ ಆ ನೆರಳೇ ಮಸುಕಾಗುತ್ತದೆ!

ಹೃದಯದ ಎಕೋದಲ್ಲಂತೂ (ಅದೂ ಅಲ್ಟ್ರಾಸೌಂಡೇ) ಸ್ಪೆಕಲ್ಲೇ ಕೆಲಸಕ್ಕೆ ಬರುವ ವಸ್ತು. ಸ್ನಾಯುವಿನ ಪ್ರತಿ ತುಣುಕಿಗೂ ಚುಕ್ಕೆಗಳ ತನ್ನದೇ ವಿನ್ಯಾಸ ಇರುತ್ತದೆ. ಸಾಫ್ಟ್‌ವೇರ್ ಅದನ್ನು ಮುಂದಿನ ಫ್ರೇಮ್‌ನಲ್ಲಿ ಹುಡುಕುತ್ತದೆ, ಆಮೇಲೆ ಅದರ ಮುಂದಿನದರಲ್ಲಿ, ಹೀಗೇ ಬೆನ್ನತ್ತಿ ಹೋಗಿ ಒಂದು ಬಡಿತದಲ್ಲಿ ಸ್ನಾಯು ಉದ್ದಕ್ಕೆ ಎಷ್ಟು ಕುಗ್ಗಿತು ಅಂತ ಲೆಕ್ಕ ಹಾಕುತ್ತದೆ. ಆರೋಗ್ಯವಂತರಲ್ಲಿ ಇದು ಸುಮಾರು ಶೇ 20. ಕೆಲವು ಕ್ಯಾನ್ಸರ್ ಔಷಧಿಗಳು ಹೃದಯಕ್ಕೆ ಪೆಟ್ಟು ಕೊಡುತ್ತವೆ, ಆಗ ಪಂಪ್ ಆಗುವ ರಕ್ತದ ಪ್ರಮಾಣ ಇನ್ನೂ ಸರಿಯಾಗಿ ಕಾಣುತ್ತಿರುವಾಗಲೇ ಈ ಅಂಕಿ ಇಳಿಯಲು ಶುರುವಾಗಬಹುದು. ಮೊದಲು ಇದ್ದುದರ ಶೇ 15ಕ್ಕಿಂತ ಜಾಸ್ತಿ ಇಳಿದರೆ ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಚುಕ್ಕೆಗಳನ್ನೆಲ್ಲ ನುಣ್ಣಗೆ ಸವರಿಬಿಟ್ಟರೆ ಬೆನ್ನತ್ತಲು ಏನು ಉಳಿಯಿತು ಹೇಳಿ?

ರಕ್ತದ ಹರಿವು ನೋಡಲೂ ಇದನ್ನೇ ಬಳಸುತ್ತಾರೆ. ಲೇಸರ್ ಬೆಳಕಿನಲ್ಲಿ ರಕ್ತಕಣಗಳು ಓಡುವ ಕಡೆ ಸ್ಪೆಕಲ್ ಕಲಸಿಹೋಗುತ್ತದೆ, ಎಷ್ಟು ಕಲಸಿದೆ ಅನ್ನುವುದೇ ವೇಗದ ಸುಳಿವು. ಫರ್ಚರ್ ಮತ್ತು ಬ್ರೈಯರ್ಸ್ ಎಂಬ ವಿಜ್ಞಾನಿಗಳು 1981ರಲ್ಲೇ ಈ ದಾರಿ ತೋರಿಸಿದ್ದರು.

ಸ್ಪೆಕಲ್ ತಗ್ಗಿಸುವುದು ಬೇಡ ಅಂತಲ್ಲ. ಚುಕ್ಕೆಗಳ ನಡುವೆ ಸಣ್ಣ ಗಡ್ಡೆ ಮರೆಯಾಗುವುದೂ ನಿಜ ಅಲ್ವಾ. ಆದರೆ ಫಿಲ್ಟರ್ ಹಾಕಿದ ಚಿತ್ರದ ಜೊತೆ ಮೂಲ ಡೇಟಾವನ್ನೂ ಉಳಿಸಲೇಬೇಕು, ಯಾವ ಫಿಲ್ಟರ್, ಎಷ್ಟು ಹಾಕಿದ್ದು ಎಂದು ಅದರಲ್ಲೇ ಬರೆದಿರಬೇಕು. ನಿಮ್ಮಲ್ಲೂ ಒಂದು ಕೋರಿಕೆ: ಮುಂದಿನ ಸಲ ಇಂಥ ಸುದ್ದಿ ಹಾಕುವಾಗ ಮೊದಲಿನ ಮತ್ತು ಆಮೇಲಿನ ಚಿತ್ರ ಎರಡನ್ನೂ ಅಕ್ಕಪಕ್ಕ ಅಚ್ಚು ಮಾಡಿ, ಚುಕ್ಕೆಗಳ ಜೊತೆ ಇನ್ನೇನು ಅಳಿಸಿಹೋಯಿತು ಎಂದು ಆ ತಂತ್ರಜ್ಞಾನ ಮಾಡಿದವರನ್ನು ಕೇಳಿ.

ಇಂತಿ,
ನಿಮ್ಮ ಓದುಗ