ಲ್ಯಾವೆಲ್ಲೆ ರಸ್ತೆಗೆ ಕೆಲಸಕ್ಕೆ ಹೋದ ಮಗಳಿಗೆ

ಮಗಳೇ,

ನೀನು ಹೊರಟು ನಿಂತ ಹೊತ್ತಿನಲ್ಲಿ ಹಾಗೆ ಕೂಗಾಡಬಾರದಿತ್ತು. ತಪ್ಪಾಯಿತು. ಅಮ್ಮ ಮೂರು ದಿನ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ನೀನು ತಾತನ ಟ್ರಂಕನ್ನು ಗುಜರಿಗೆ ಹಾಕಿ ಅಂದೆ, ಅದಕ್ಕೆ ಬೇಜಾರಾಗಲಿಲ್ಲ. "ನಮ್ಮದೇನು ದೊಡ್ಡ ಮನೆತನಾನಾ ಅಪ್ಪ" ಅಂದೆಯಲ್ಲ, ಅದು ಚುಚ್ಚಿತು.

ನಿನ್ನ ಆಫೀಸಿರುವ ರಸ್ತೆ ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್ಲೆಯದು. ಐರ್ಲೆಂಡಿನವನು, ನ್ಯೂಜಿಲೆಂಡಿನ ಮಾವೋರಿ ಯುದ್ಧದಲ್ಲಿ ಸಿಪಾಯಿಯಾಗಿದ್ದು ಬೆಂಗಳೂರು ದಂಡಿಗೆ ಬಂದು ನೆಲೆಸಿದವನು. 1871ರಲ್ಲಿ ಎತ್ತಿನಗಾಡಿ ಕಟ್ಟಿಸಿಕೊಂಡು ಚಿನ್ನ ಹುಡುಕುತ್ತ ನಮ್ಮ ಕೆಜಿಎಫ್ ಸೀಮೆಗೆ ಬಂದ. 1875ರಲ್ಲಿ ಸರ್ಕಾರದಿಂದ ಗಣಿ ತೋಡಲು ಪರವಾನಗಿ ಪಡೆದ. ಎರಡೇ ವರ್ಷಕ್ಕೆ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಧೈರ್ಯಸ್ಥ, ಒಪ್ಪುತ್ತೇನೆ. ಆದರೆ 1802ರಲ್ಲೇ ವಾರನ್ ಅನ್ನೋ ಸೈನ್ಯಾಧಿಕಾರಿಯ ಎದುರು ಇಲ್ಲಿಯ ಹಳ್ಳಿಯ ಜನ ಮಣ್ಣು ತೊಳೆದು ಚಿನ್ನದ ಕಣ ತೋರಿಸಿದ್ದರು. ಆ ಜನರ ಹೆಸರು ಯಾವ ರಸ್ತೆಗೂ ಇಲ್ಲ ಮಗಳೇ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬರುವ ಮೊದಲೇ ತಾತನ ತಾತ ಇಲ್ಲಿ ಕಲ್ಲು ಹೊರುತ್ತಿದ್ದರು. ನಮ್ಮ ಮನೆತನ ಅದು.

ಟ್ರಂಕಿನಲ್ಲಿ ತಾತನ ಗಣಿ ಕೆಲಸದ ಹಿತ್ತಾಳೆ ಟೋಕನ್ ಇದೆ. ನಂಬರು ಸವೆದು ಕೊನೆಯ ಎರಡು ಅಂಕಿ ಮಾತ್ರ ಬೆರಳಿಗೆ ಸಿಗುತ್ತವೆ.

ನನಗೆ ಆಗ ಎಂಟು ವರ್ಷ. ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಎರಡನೇ ಪಾಳಿಯಲ್ಲಿದ್ದರು. ರಾತ್ರಿ ಒಂದು ಸಲ ಅಟ್ಟದ ಪಾತ್ರೆಗಳೆಲ್ಲ ಗಲಗಲ ಅಂದವು, ಗೋಡೆಗೆ ಒರಗಿದ್ದ ನನ್ನ ಬೆನ್ನು ನಡುಗಿತು. ಏರ್ ಬ್ಲಾಸ್ಟ್. ಅಷ್ಟು ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿದರೆ ಮೇಲೆ ನಮ್ಮ ಲೈನ್ ಮನೆಗಳೂ ಅದುರುತ್ತಿದ್ದವು. ಅಜ್ಜಿ ಒಲೆ ಆರಿಸಲಿಲ್ಲ, ಚಪ್ಪಲಿ ಹಾಕಲಿಲ್ಲ, ನನ್ನ ಕೈ ಹಿಡಿದು ಗಣಿಗೆ ಇಳಿಯುವ ಶಾಫ್ಟಿನ ಕಡೆ ನಡೆದರು. ಆಳುಗಳನ್ನು ಹೊತ್ತು ತರುವ ಕೇಜ್ ಮೇಲೆ ಬಂತು, ಬಾಗಿಲು ಕರಕರ ಅಂತ ತೆರೆಯಿತು, ತಾತ ಇರಲಿಲ್ಲ. ಮತ್ತೆ ಬಂತು, ಇರಲಿಲ್ಲ. ಎಷ್ಟನೇ ಸಲವೋ, ಬೂದಿ ಮೆತ್ತಿದ ಹಾಗಿದ್ದ ಮುಖವೊಂದು ಇಳಿಯಿತು, ನನಗೆ ಗುರುತೇ ಸಿಗಲಿಲ್ಲ. ಅಜ್ಜಿಗೆ ಸಿಕ್ಕಿತು. "ಮುದ್ದೆ ಆರಿಹೋಗಿರುತ್ತೆ, ನಡೀರಿ" ಅಂದರು. ತಾತ ಆ ರಾತ್ರಿ ಉಣ್ಣಲಿಲ್ಲ. ಪಕ್ಕದ ಮನೆಯವರು ಮೇಲೆ ಬರಲೇ ಇಲ್ಲ.

ನೀನು ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತದಿದ್ದರೆ ಆ ಬಾಗಿಲಿನ ಸದ್ದು ಕಿವಿಗೆ ಬಂದುಬಿಡುತ್ತದೆ. ನಿನ್ನದು ಏಸಿ ರೂಮಿನ ಕೆಲಸ, ಗೊತ್ತು. ಗೊತ್ತಿದ್ದರೂ ಬರುತ್ತದೆ.

ಅದಕ್ಕೇ ಹೇಳುವುದು, ರೂಮು ಸೇರಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ಬರೀ ಕಾಫಿ ಕುಡಿದು ಮಲಗಬೇಡ. ಸಂಬಳದಲ್ಲಿ ಸ್ವಲ್ಪ ಎತ್ತಿಡು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಕೈಯಲ್ಲಿ ಕಾಸಿಲ್ಲದವರು ಪಟ್ಟ ಪಾಡು ನೋಡಿದ್ದೇನೆ. ಊರು ಯಾವುದು ಅಂತ ಯಾರಾದರೂ ಕೇಳಿದರೆ ಕೋಲಾರದ ಹತ್ತಿರ ಅನ್ನಬೇಡ, ಕೆಜಿಎಫ್ ಅನ್ನು. ಮತ್ತೆ ಪಾಠ ಶುರು ಮಾಡಿದೆ, ಅಮ್ಮ ಬೈಯುತ್ತಿದ್ದಾಳೆ.

ನಿನಗೆ ಕೆಲಸ ಸಿಕ್ಕ ದಿನ ಮಾರಿಕುಪ್ಪಂ ರೈಲಿನಲ್ಲಿ ಪರಿಚಯ ಇಲ್ಲದವರಿಗೂ ಹೇಳಿದ್ದೆ. ನಿನಗೆ ಮಾತ್ರ ಹೇಳಲಿಲ್ಲ.

ಟ್ರಂಕನ್ನು ನಿನ್ನ ಮಂಚದ ಕೆಳಗೆ ಇಟ್ಟಿದ್ದೇನೆ. ಭಾನುವಾರ ಬಂದರೆ ಬಂಗಾರಪೇಟೆ ದಾಟಿದ ಮೇಲೆ ಫೋನ್ ಮಾಡು, ಸ್ಟೇಷನ್ನಿಗೆ ಗಾಡಿ ತರುತ್ತೇನೆ.

ಅಪ್ಪ