ನೀಹಾರಿಕೆಯ ಕೆಂಪು ಬಳಿದ ಬಣ್ಣವಲ್ಲ

ಮಾನ್ಯ ಸಂಪಾದಕರೇ,

ಹವ್ಯಾಸಿಗಳು ತೆಗೆದ ನೀಹಾರಿಕೆಯ (ಬಾಹ್ಯಾಕಾಶದ ಅನಿಲ, ಧೂಳಿನ ಮೋಡದ) ಚಿತ್ರಗಳಲ್ಲಿನ ಕೆಂಪು, ಕಂಪ್ಯೂಟರಿನಲ್ಲಿ ಬಳಿದದ್ದೆಂಬ ಮಾತು ಆಗಾಗ ಕೇಳಿಬರುತ್ತದೆ, ಅದು ಸರಿಯಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣವನ್ನು ಗುರುತಿಸಲಾರದಾದ್ದರಿಂದ, ಸುಮಾರು 1,300 ಜ್ಯೋತಿರ್ವರ್ಷ ದೂರದ ಓರಿಯನ್ ನೀಹಾರಿಕೆ ಹಿತ್ತಲಿನ ದೂರದರ್ಶಕದಲ್ಲಿ ಬೂದು ಮಂಜಿನಂತೆ ಕಾಣುತ್ತದೆ. ಕ್ಯಾಮೆರಾ ಬಹಳ ಹೊತ್ತು ಬೆಳಕನ್ನು ಕೂಡಿಸಿಕೊಳ್ಳುವುದರಿಂದ, ಜಲಜನಕ ಹೊಮ್ಮಿಸುವ 656 ನ್ಯಾನೊಮೀಟರ್ ತರಂಗಾಂತರದ ಕೆಂಪು ಅದರಲ್ಲಿ ದಾಖಲಾಗುತ್ತದೆ. 1880ರಲ್ಲಿ ಅಮೆರಿಕದ ಖಗೋಳವೀಕ್ಷಕ ಹೆನ್ರಿ ಡ್ರೇಪರ್ ಇದೇ ನೀಹಾರಿಕೆಯ ಮೊದಲ ಛಾಯಾಚಿತ್ರಕ್ಕೆ 51 ನಿಮಿಷ ಬೆಳಕನ್ನು ಕೂಡಿಸಿಕೊಂಡಿದ್ದರು. ನಾನು ಈಚೆಗೆ 30 ಸೆಕೆಂಡಿನ 120 ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿದಾಗ, ಹೊಳೆಯುವ ನಡುಭಾಗದ ಇಕ್ಕೆಲಗಳಲ್ಲಿ ಗುಲಾಬಿ ರೆಕ್ಕೆಗಳು ಮೆಲ್ಲನೆ ಮೂಡಿದವು (ನೆರೆಮನೆಯವರು ಹೊರಗಿನ ದೀಪವನ್ನು ಆರಿಸಿ ಉಪಕರಿಸಿದ್ದರು). ಇಂಥ ಮಂದ ಬೆಳಕು ಊರಿನ ದೀಪಗಳ ಹೊಳಪಿನಲ್ಲಿ ಮುಳುಗಿಹೋಗುವುದರಿಂದ, ಬೀದಿದೀಪಗಳಿಗೆ ಮೇಲ್ಮುಚ್ಚಳ ಹಾಕಿ ಬೆಳಕನ್ನು ನೆಲದತ್ತಲೇ ಬೀಳಿಸುವಂತೆ ಸ್ಥಳೀಯ ಆಡಳಿತಗಳನ್ನು ತಮ್ಮ ಪತ್ರಿಕೆ ಒತ್ತಾಯಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಹವ್ಯಾಸಿ ಆಕಾಶವೀಕ್ಷಕ